ಕೇಳಬಾರದಿದ್ದ ಮರ

ಗುರುವಪ್ಪ ಮೊದಲ ಏಟು ಹಾಕಲು ಕೊಡಲಿ ಎತ್ತಿದ್ದನಷ್ಟೆ, ಹಿಂದಿನಿಂದ ಅವನ ತಾಯಿ ಸೇಸಮ್ಮ ಬಂದು ಕೊಡಲಿಯ ಕಾವನ್ನು ಹಿಡಿದುಕೊಂಡಳು.

"ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ?"

"ಧನಿಗಳ ಮನೆಗೆ."

"ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಮರ ಕೇಳ್ಲಿಕ್ಕೆ. ಅಪ್ಪನನ್ನು ಸುಡ್ಲಿಕ್ಕೆ ಮರ ಬೇಡವಾ? ಕೇಳಿದೆ, ಕಡಿಯಿರಿ ಅಂದ್ರು."

ಸೇಸಮ್ಮ ಕೊಡಲಿಯನ್ನು ಕಸಿದು ಮಾವಿನ ಮರದ ಬುಡಕ್ಕೆ ಒರಗಿಸಿದಳು. ಮರ ಮೈತುಂಬ ಹೂ ಬಿಟ್ಟಿತ್ತು.

"ಕೆಲಸ ಕೆಡಿಸಿದೆಯಲ್ಲ ಮಗ," ಎಂದಳು. "ಇನ್ನು ಈ ಮರ ಮುಟ್ಲಿಕ್ಕಿಲ್ಲ."

ನೆರಿಯ ಊರಿನ ಕಡೆ ಸತ್ತವರಿಗೆ ಮಾವಿನ ಮರವೇ ಆಗಬೇಕು. ಗೇಣಿ ಒಕ್ಕಲಿನ ಮನೆಯಲ್ಲಿ ಸಾವಾದರೆ ಒಬ್ಬ ಧನಿಯ ಮನೆಗೆ ಓಡಿ, ಬೇಲಿ ದಾಟುವ ತಡಮೆಯ ಹೊರಗೆ ನಿಂತು, ಹೆಗಲ ಬೈರಾಸು ವಸ್ತ್ರ ಕೈಗೆ ತೆಗೆದುಕೊಂಡು, "ಒಂದು ಮರ ಬೇಕಿತ್ತು" ಎನ್ನಬೇಕು. ಧನಿ ಒಳಗಿನಿಂದ "ಕಡಿಯಿರಿ" ಎನ್ನಬೇಕು. ನೆಟ್ಟವರು ಯಾರೇ ಇರಲಿ, ಗೇಣಿ ಜಾಗದ ಮೇಲಿನ ಮರವೆಲ್ಲ ಧನಿಯದ್ದೇ ಎಂಬುದು ಇದರ ಅರ್ಥ. ಇಲ್ಲ ಎಂದ ಧನಿಯನ್ನು ಯಾರೂ ಕಂಡಿಲ್ಲ. ಕೇಳದೆ ಕಡಿದ ಒಕ್ಕಲನ್ನೂ ಕಂಡಿಲ್ಲ.

ಆ ಮೊದಲಿಗನಾಗಬೇಕೆಂದು ಹಟ ಹಿಡಿದಿದ್ದವನು ಒಳಗೆ ಬಾಳೆ ಎಲೆಯ ಮೇಲೆ ಮಲಗಿದ್ದ ಹುಕ್ರಪ್ಪ ಗೌಡ. "ನಾನು ಸತ್ತ ದಿನ ಯಾರ ಹತ್ರವೂ ಕೇಳಬಾರದು. ನನ್ನ ಮರ, ನನ್ನ ಹೆಣ" ಎಂದು ಹೆಂಡತಿಗೆ ಅವನು ಹೇಳಿದ್ದು ಒಂದೆರಡು ಸಲವಲ್ಲ. ಇನ್ನೇನನ್ನೂ ಅವನು ಬಯಸಿದವನಲ್ಲ. ಪಾಪ, ಗುರುವಪ್ಪನಿಗೂ ಅದು ಗೊತ್ತಿತ್ತು. ಆದರೆ ಅಪ್ಪ ಹೋದ ಗಾಬರಿಗೆ ಕಾಲು ತಾನಾಗಿಯೇ ಧನಿಯ ಮನೆಯ ದಾರಿ ಹಿಡಿದುಬಿಟ್ಟಿತ್ತು.

"ಅಮ್ಮ, ಅಪ್ಪನಿಗೆ ಇನ್ನು ಗೊತ್ತಾಗ್ತದಾ?" ಎಂದಳು ಮಗಳು ದಮಯಂತಿ, ಮೂಗು ಒರೆಸಿಕೊಳ್ಳುತ್ತ.

"ನನಗೆ ಗೊತ್ತಾಗ್ತದಲ್ಲ."

"ಹಾಗಾದರೆ ಬೇರೆ ಮರ ಕಡಿಯುವ."

"ಈ ಗುಡ್ಡೆಯಲ್ಲಿ ಬೇರೆ ಯಾವುದು ಕಡಿದರೂ ಅದು ಧನಿಗಳದ್ದೇ. ಅಪ್ಪ ನೆಟ್ಟದ್ದು ಇದೊಂದು."

ಬಿಸಿಲು ಅಂಗಳಕ್ಕೆ ಇಳಿದಿತ್ತು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಹೆಣ ಮುಂದಿಟ್ಟುಕೊಂಡು ಯಾರೂ ಜೋರು ಮಾತಾಡುವಂತಿಲ್ಲ. ಸೇಸಮ್ಮನೊಡನೆ ಮೆಲ್ಲಗೆ ವಾದಿಸಿ ಗೆಲ್ಲುವುದು ಮೊದಲಿನಿಂದಲೂ ಯಾರಿಗೂ ಆಗಿದ್ದಿಲ್ಲ.

ಅಷ್ಟರಲ್ಲಿ ಉಮ್ಮರ್ ಬ್ಯಾರಿ ಬಂದ. ಚಾರ್ಮಾಡಿ ರಸ್ತೆಯಲ್ಲಿ, ಘಾಟಿ ಹತ್ತುವ ಲಾರಿಗಳು ನಿಲ್ಲುವಲ್ಲಿ ಅವನ ಚಹಾ ಹೋಟೆಲು. ಹಬ್ಬಕ್ಕೂ ಬಾಗಿಲು ಹಾಕದವನು ಇವತ್ತು ಹಾಕಿ ಬಂದಿದ್ದ. ಒಳಗೆ ಹೋಗಿ ಹುಕ್ರಪ್ಪನ ಮುಖವನ್ನು ತುಂಬ ಹೊತ್ತು ನೋಡಿದ. ಕಣ್ಣೊರೆಸುತ್ತ ಹೊರಗೆ ಬಂದು ಸಂಗತಿ ಕೇಳಿಸಿಕೊಂಡ. ಅಳುತ್ತಿದ್ದವನಿಗೆ ನಗು ಬಂತು.

"ಸೇಸಕ್ಕ, ತಪ್ಪಾದದ್ದು ಎಂತದ್ದು? ಕೇಳಿದ್ದು. ಹಾಗಾದರೆ ಕೇಳಿದ್ದನ್ನು ವಾಪಸು ತಕೊಳ್ಳುವ." ಗುರುವಪ್ಪನ ಕಡೆ ತಿರುಗಿದ. "ಹೋಗಿ ಹೇಳು. ನಾವು ಕೇಳಿದ್ದು ಇಲ್ಲ, ನೀವು ಕೊಟ್ಟದ್ದೂ ಇಲ್ಲ ಅಂತ."

"ಮಂಡೆ ಸಮ ಉಂಟಾ ನಿಮಗೆ? ಧನಿಗಳ ಎದುರು ನಿಂತು ಹಾಗೆ ಹೇಳ್ಲಿಕ್ಕೆ ಆಗ್ತದಾ?"

"ನಿನ್ನ ಅಪ್ಪ ದಿನಾ ಹೇಳ್ತಿದ್ದ ಮಾರಾಯ. ಹೋಗು."

ಗುರುವಪ್ಪ ತಾಯಿಯ ಮುಖ ನೋಡಿದ. ಅಲ್ಲಿ ಉಳಿಗಾಲವಿಲ್ಲ ಎಂದು ತಿಳಿದು ಹೋದ.

*

ಆ ಮರದ ಗೊರಟು ಪೊಳಲಿಯಿಂದ ಬಂದದ್ದು. ಮದುವೆಯಾದ ವರ್ಷ ಹುಕ್ರಪ್ಪ ಹೆಂಡತಿಯೊಂದಿಗೆ ದೇವಿಗೆ ಕೈಮುಗಿಯಲು ಹೋಗಿದ್ದಾಗ ಹೊಳೆಬದಿಯಲ್ಲಿ ಇಬ್ಬರೂ ಒಂದೇ ಹಣ್ಣು ತಿಂದಿದ್ದರು. ಗೊರಟನ್ನು ಸೇಸಮ್ಮ ಸೆರಗಿಗೆ ಕಟ್ಟಿದ್ದಳು. ಅವನು ಮನೆಯ ಬದಿಯಲ್ಲಿ ಹಾಕಿದ. ಬೇಸಿಗೆಯಲ್ಲಿ ತೋಡಿನಿಂದ ನೀರು ಹೊತ್ತು ಹಾಕಿದ.

ಮರ ಕಾಯಿ ಬಿಟ್ಟ ವರ್ಷ ಉಮ್ಮರನ ಹೋಟೆಲಿನಲ್ಲಿ ಜಗಳ ಶುರುವಾಯಿತು. ಧನಿ ಲೋಕನಾಥ ಆಳ್ವರು ಒಳಗೆ ಕುರ್ಚಿಯಲ್ಲಿ, ಹುಕ್ರಪ್ಪ ಹೊರಗೆ ಬೆಂಚಿನಲ್ಲಿ. ನಡುವೆ ಚಹಾ ಸೋಸುವ ಉಮ್ಮರ್.

"ಮಣ್ಣು ನನ್ನದು. ಮಣ್ಣಿನಲ್ಲಿ ಹುಟ್ಟಿದ್ದು ನನ್ನದು," ಎಂದರು ಆಳ್ವರು.

"ಮಣ್ಣು ನೀವು ಮಾಡಿದ್ದಾ ಧನಿಗಳೇ?"

"ಗೊರಟು ನೀನು ಮಾಡಿದ್ದಾ?"

"ಗೊರಟು ನನ್ನ ಹೆಂಡತಿ ಚೀಪಿದ್ದು. ನೀರು ನಾನು ಹೊತ್ತದ್ದು. ನೀವು ಎಂತ ಮಾಡಿದ್ದೀರಿ, ಅದು ಹೇಳಿ."

"ಸುಮ್ಮನೆ ಬಿಟ್ಟಿದ್ದೇನಲ್ಲ, ಅದೇ ದೊಡ್ಡ ಕೆಲಸ."

"ಮಳೆ ಯಾರದ್ದು? ಮೊದಲು ಅದನ್ನು ತೀರ್ಮಾನ ಮಾಡಿ," ಎಂದು ಉಮ್ಮರ್ ನಡುವೆ ಬಾಯಿ ಹಾಕಿದ. ಲಾರಿಯವರೂ ನಕ್ಕರು.

ಅಲ್ಲಿಂದ ಮುಂದೆ ಜಗಳ ನಿಲ್ಲಲಿಲ್ಲ. ನಿಲ್ಲುವುದು ಯಾರಿಗೂ ಬೇಕಾಗಿರಲೂ ಇಲ್ಲ. ಗಾಂಧಿ ಟೋಪಿಯವರ ಭಾಷಣವಿರಲಿ, ಕೆಂಪು ಬಾವುಟದವರ ಮೆರವಣಿಗೆಯಿರಲಿ, ಗೇಣಿಯವರಿಗೆ ಹೊಸ ಕಾನೂನು ಬರುತ್ತದಂತೆ ಎಂಬ ಪೇಪರಿನ ಸುದ್ದಿಯಿರಲಿ, ಸುತ್ತಿ ಬಳಸಿ ಆ ಮರದ ಬುಡಕ್ಕೇ ಬಂದು ನಿಲ್ಲುತ್ತಿತ್ತು. ವಾದಕ್ಕೆ ಸೋತ ದಿನ ಆಳ್ವರು, "ನಿನ್ನನ್ನು ಒಕ್ಕಲು ಎಬ್ಬಿಸ್ತೇನೆ ನೋಡು," ಎನ್ನುತ್ತಿದ್ದರು.

"ಎಬ್ಬಿಸಿ. ಮತ್ತೆ ಚಹಾ ಕುಡಿಯುವಾಗ ಯಾರ ಹತ್ರ ಮಾತಾಡ್ತೀರಿ?"

ಆಳ್ವರು ಉಮ್ಮರನಿಗೆ ಕೈಸನ್ನೆ ಮಾಡುತ್ತಿದ್ದರು. ಹೊರಗಿನ ಬೆಂಚಿಗೆ ಇನ್ನೊಂದು ಚಹಾ ಹೋಗುತ್ತಿತ್ತು.

*

ಆಳ್ವರು ನಡೆದೇ ಬಂದರು. ಜೊತೆಯಲ್ಲಿ ಮಂಗಳೂರಿನಲ್ಲಿ ವಕೀಲನಾಗಿದ್ದ ಮಗ ರಮಾನಾಥ, ಹಿಂದೆ ತಲೆ ತಗ್ಗಿಸಿದ ಗುರುವಪ್ಪ. ಅಂಗಳದಲ್ಲಿದ್ದವರೆಲ್ಲ ಎದ್ದು ನಿಂತರು.

ಆಳ್ವರು ಒಳಗೆ ಹೋಗಿ ಹುಕ್ರಪ್ಪನ ಬಾಯಿಗೆ ತುಳಸಿ ನೀರು ಬಿಟ್ಟರು. ನೀರು ಗಲ್ಲಕ್ಕೆ ಇಳಿಯಿತು. ಅದನ್ನು ತಾವೇ ಶಲ್ಯದ ತುದಿಯಲ್ಲಿ ಒರೆಸಿದರು.

ಹೊರಗೆ ಬಂದವರು, "ಎಂತ ಸೇಸು, ನನ್ನ ಮಾತು ವಾಪಸು ಕಳಿಸಿದೆಯಂತೆ?" ಎಂದರು.

"ಹೌದು ಧನಿಗಳೇ. ಮಗ ಅಭ್ಯಾಸದಲ್ಲಿ ಕೇಳಿದ್ದು. ಅವರು ಕೇಳಬಾರದು ಅಂದಿದ್ದರು. ನಿಮಗೆ ಸಿಟ್ಟು ಬಂದರೆ ಬರಲಿ. ಇವತ್ತು ನನಗೆ ಅದಕ್ಕಿಂತ ದೊಡ್ಡದು ಬಂದಿದೆ."

"ಸಿಟ್ಟು ಯಾಕೆ? ಮರ ಕೊಟ್ಟೆ ಅಂತ ಇಟ್ಟುಕೋ. ಪೂರ್ತಿ ನಿಮಗೇ. ಮುಗಿಯಿತಲ್ಲ."

ಉಮ್ಮರ್ ಕೆಮ್ಮಿದ.

"ಕೊಟ್ಟೆ ಅಂದರೆ, ಕೊಡುವ ತನಕ ನಿಮ್ಮದಿತ್ತು ಅಂತ ಆಗ್ತದಲ್ಲ ಧನಿಗಳೇ. ಹುಕ್ರಪ್ಪಣ್ಣ ಇದ್ದಿದ್ದರೆ ಅದನ್ನೇ ಹೇಳ್ತಿದ್ದ."

ಆಳ್ವರು ಅವನನ್ನು ದಿಟ್ಟಿಸಿದರು. ಹೌದು, ಹುಕ್ರಪ್ಪ ಅದನ್ನೇ ಹೇಳುತ್ತಿದ್ದ. ಅದಕ್ಕೆ ತಾವು ಏನು ಹೇಳುತ್ತಿದ್ದೆವೆಂದು ಯೋಚಿಸಿದರು. ತಿರುಗಿ ಹೇಳಲು ಬೆಂಚಿನಲ್ಲಿ ಜನವಿಲ್ಲದ ಮೇಲೆ ಒಂದು ಮಾತೂ ಹೊಳೆಯಲಿಲ್ಲ.

ರಮಾನಾಥ ತಂದೆಯ ಕಿವಿಯ ಬಳಿ ಬಾಗಿದ. "ಅಪ್ಪಯ್ಯ, ಮರ ಅವರದ್ದು ಅಂತ ಬಾಯಿ ಬಿಟ್ಟು ಹೇಳಬೇಡಿ. ಎಲ್ಲಾ ಒಕ್ಕಲುಗಳೂ ಇಲ್ಲಿಯೇ ಇದ್ದಾರೆ. ನಾಳೆ ಗುಡ್ಡೆಯ ಒಂದೊಂದು ಮರಕ್ಕೂ ಇದೇ ಕತೆಯಾಗ್ತದೆ."

ಅವನು ಹೇಳಿದ್ದು ಸುಳ್ಳಲ್ಲ. ಅಂಗಳದ ಒಕ್ಕಲುಗಳೆಲ್ಲ ಆಳ್ವರ ಬಾಯಿಯನ್ನೇ ನೋಡುತ್ತಿದ್ದರು.

*

ಒಂದು ವರ್ಷ ಆಳ್ವರಿಗೆ ವಿಷಮಜ್ವರ ಬಂದು ನಾಲಿಗೆ ಕೆಟ್ಟಿತ್ತು. ಗಂಜಿ ಕೂಡ ಇಳಿಯುತ್ತಿರಲಿಲ್ಲ. ಹುಕ್ರಪ್ಪ ಮಿಡಿ ಉಪ್ಪಿನಕಾಯಿಯ ಭರಣಿ ಹೊತ್ತು ಹೋಗಿ ಹಾಸಿಗೆಯ ಬದಿಯಲ್ಲಿ ಇಟ್ಟ. ಪ್ರತಿ ವರ್ಷವೂ ಕೊಡುತ್ತಿದ್ದ. ಕೊಡುವಾಗ, "ನನ್ನ ಮರದ್ದು, ನಿಮಗೆ ದಾನ," ಎನ್ನುತ್ತಿದ್ದ. "ನನ್ನ ಮರದ್ದು, ಉಪ್ಪು ಮಾತ್ರ ನಿನ್ನದು," ಎಂದು ಆಳ್ವರು ತೆಗೆದುಕೊಳ್ಳುತ್ತಿದ್ದರು. ಆ ಸಲ ಇಬ್ಬರೂ ಏನೂ ಹೇಳಲಿಲ್ಲ. ಆಳ್ವರು ಒಂದು ಮಿಡಿಯೊಂದಿಗೆ ಬಟ್ಟಲು ಗಂಜಿ ಕುಡಿದರು.

ಅವತ್ತು ಮನೆಗೆ ಬಂದ ಹುಕ್ರಪ್ಪ ಹೆಂಡತಿಗೆ ಹೇಳಿದ್ದ. "ಒಳ್ಳೆಯ ಮನುಷ್ಯ ಸೇಸು. ಕೇಳಿದರೆ ಎಂತ ಬೇಕಾದರೂ ಕೊಡ್ತಾನೆ. ಆದರೆ ಕೇಳದೆ ನಮ್ಮದು ಅಂತ ಒಂದಾದರೂ ಇರಬೇಕಲ್ಲ ಮನುಷ್ಯನಿಗೆ."

*

ಆಳ್ವರು ಮಗನಿಂದ ಆಚೆ ಸರಿದರು. ಅಂಗಳ ದಾಟಿದರು. ತಡಮೆಯ ಮೆಟ್ಟಿಲು ಹತ್ತಿ ಆಚೆ ಇಳಿದರು. ಸಿಟ್ಟಾಗಿ ಹೋದರೆಂದೇ ಎಲ್ಲರೂ ತಿಳಿದರು.

ಆದರೆ ಅವರು ಹೋಗಲಿಲ್ಲ. ತಡಮೆಯ ಹೊರಗೆ ಈ ಕಡೆ ತಿರುಗಿ ನಿಂತರು. ಹೆಗಲ ಮೇಲಿದ್ದ ಜರಿಯಂಚಿನ ಶಲ್ಯವನ್ನು ಮೆಲ್ಲಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಸೇಸಮ್ಮ," ಎಂದರು. ಒಂದು ದಿನವೂ ಅವಳನ್ನು ಹಾಗೆ ಕರೆದವರಲ್ಲ. "ಹುಕ್ರಪ್ಪನ ಚಿತೆಗೆ ನನ್ನದೂ ಒಂದು ಕಟ್ಟಿಗೆ ಇಡಬೇಕು ಅಂತ ಆಸೆ ಉಂಟು. ನನ್ನಲ್ಲಿ ಮಾವು ಇಲ್ಲ. ನಿಮ್ಮ ಮರದ ಒಂದು ಗೆಲ್ಲು ಬೇಕಿತ್ತು."

ಗುಡ್ಡೆಯ ತುಂಬ ಮಾವಿನ ಮರವಿದ್ದ ಮನುಷ್ಯ ಹಾಗೆಂದರು.

ಸೇಸಮ್ಮ ಕೂಡಲೇ ಉತ್ತರ ಕೊಡಲಿಲ್ಲ. ಧನಿಗಳ ಮನೆಯವರು ಯಾವತ್ತೂ ಕೂಡಲೇ ಕೊಡುತ್ತಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು. ಒಳಗೆ ಗಂಡನ ಮುಖವನ್ನೊಮ್ಮೆ, ಹೊರಗೆ ಮರವನ್ನೊಮ್ಮೆ ನೋಡಿದಳು. ಬೆಳಗಿನಿಂದ ಬಾರದಿದ್ದ ಅಳು ಅವಳಿಗೆ ಆಗ ಬಂತು. ಆಳ್ವರು ಬಿಸಿಲಿನಲ್ಲಿ ಕಾದರು.

"ಕಡಿಯಿರಿ," ಎಂದಳು ಸೇಸಮ್ಮ.

ಗುರುವಪ್ಪ ಮರ ಹತ್ತಿ ಹೂವಿದ್ದ ಒಂದು ಗೆಲ್ಲನ್ನು ಕಡಿದು ಇಳಿಸಿದ. ಹೊರಲು ರಮಾನಾಥ ಕೈ ಚಾಚಿದ. ಆಳ್ವರು ಕೊಡಲಿಲ್ಲ. ಅದನ್ನು ಹೆಗಲಿಗೆ ಏರಿಸಿಕೊಂಡು, ಶಲ್ಯವನ್ನು ಇನ್ನೂ ಕೈಯಲ್ಲೇ ಹಿಡಿದು, ಗದ್ದೆಯ ಹುಣಿಯ ಮೇಲೆ ಸುಡುವ ಜಾಗದ ಕಡೆ ನಡೆದರು. ಹಿಂದೆ ಮರದ ಬುಡಕ್ಕೆ ಕೊಡಲಿ ಬೀಳತೊಡಗಿತು. ಅವರ ಬಿಳಿ ಅಂಗಿಯ ಬೆನ್ನಿನ ಮೇಲೆ ಹೆಜ್ಜೆಹೆಜ್ಜೆಗೂ ಮಾವಿನ ಹೂ ಉದುರುತ್ತಿತ್ತು.