ಜುಟ್ಟಿಲ್ಲದ ಕಾಯಿ

ಜಾವಗಲ್ಲಿನ ನಮ್ಮ ತೆಂಗಿನಕಾಯಿ ಮಂಡಿಗೆ ಅವತ್ತು ಹೊಸ ಮೆಷಿನ್ ಬಂತು. ಕಟ್ಟಿದವರು ಬೇಲೂರಿನ ನನ್ನ ತಂಗಿಯ ಮಗಳು ಶಿಲ್ಪಾ, ಅವಳ ಇಂಜಿನಿಯರಿಂಗ್ ಕಾಲೇಜಿನ ಮೂವರು ಹುಡುಗರು ಮತ್ತು ಹಾಲೆಂಡಿನ ಟೈಸ್ ಎಂಬವನು. ಎರಡು ದೇಶದ ಕಾಲೇಜುಗಳು ಸೇರಿ ಕೊಟ್ಟ ಕೆಲಸ. ಟೈಸ್ ಲೀಡರು. ವರ್ಷವೆಲ್ಲ ಫೋನಿನಲ್ಲೇ ಮಾತಾಡಿಕೊಂಡು ಕಾಯಿ ಸುಲಿಯುವ ಮೆಷಿನ್ ಮಾಡಿದ್ದರು. ನಮ್ಮ ಯಜಮಾನರು ಕರಿಬಸವಯ್ಯನವರು ಅದನ್ನು ಮಂಡಿಯಲ್ಲಿ ಇಟ್ಟುಕೊಂಡರೆ ಮಕ್ಕಳು ಪಾಸು. ವಾಪಸ್ ಕಳಿಸಿದರೆ ಮುಂದಿನ ವರ್ಷ ಮತ್ತೆ ಮೊದಲಿಂದ.

ಹಳೇಬೀಡು ನೋಡಿಕೊಂಡು ಬಾರಪ್ಪ ಎಂದರೆ ಟೈಸ್, "ಮೊದಲು ಮೆಷಿನ್" ಎಂದ. ಅಷ್ಟು ನಂಬಿಕೆ.

"ಮೊದಲನೇ ಕಾಯಿ ದೇವರಿಗೆ" ಎಂದು ಯಜಮಾನರು ಮೆಷಿನ್ನಿಗೆ ವಿಭೂತಿ ಬಳಿದು, ಹೂವು ಮುಡಿಸಿ, ಒಂದು ಕಾಯಿ ಹಾಕಿಸಿದರು. ಗರಗರ ತಿರುಗಿ ಕಾಯಿ ಹೊರಗೆ ಬಿತ್ತು. ಒಂದೆಳೆ ನಾರಿಲ್ಲ, ಜುಟ್ಟೂ ಇಲ್ಲ. ಆಗತಾನೇ ಮುಡಿ ಕೊಟ್ಟು ಬಂದವರ ಹಾಗೆ ನುಣ್ಣಗೆ ಮಿಂಚುತ್ತಿತ್ತು. ಟೈಸ್ ಚಪ್ಪಾಳೆ ತಟ್ಟಿದ. ಅವನೊಬ್ಬನೇ.

"ಜುಟ್ಟೆಲ್ಲಮ್ಮಾ?" ಎಂದರು ಯಜಮಾನರು.

ಶಿಲ್ಪಾ ನೆಲ ನೋಡಿದಳು.

"ನಮ್ ಮಂಡಿಯಿಂದ ಹೋಗೋದೆಲ್ಲಾ ಪೂಜೆ ಕಾಯಿ. ಬೋಳು ಕಾಯಿನ ಯಾವ ದೇವ್ರು ಮುಟ್ತಾನೆ? ಬೋಳಿಗೆ ಬೆಲೆ ಐತಾ?"

ಮಕ್ಕಳ ಜೊತೆ ಬಂದಿದ್ದ ಮೇಷ್ಟ್ರು ಮೋಹನ್‌ಕುಮಾರ್ ಅವರಿಗೆ ತಲೆಯಲ್ಲಿ ಒಂದು ಕೂದಲೂ ಇಲ್ಲ. ಅವರು ಮೆಲ್ಲಗೆ ಕರ್ಚೀಫು ತೆಗೆದು ತಲೆ ಒರೆಸಿಕೊಂಡರು.

"ಏನೂ ಬೇಡ, ತಗೊಂಡ್ ಹೋಗಿ" ಎಂದು ಯಜಮಾನರು ಮುಖ ತಿರುಗಿಸಿದರು. ಟೈಸನಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಬೇಕಾದವಳು ಶಿಲ್ಪಾ. ಬೈಸಿಕೊಂಡವಳೂ ಅವಳೇ, ಬೈಗುಳ ಸಾಗಿಸಿದವಳೂ ಅವಳೇ.

"ಜುಟ್ಟು ಬೇಕು ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದ ಟೈಸ್. ಅವರಿಬ್ಬರ ಇಂಗ್ಲಿಷನ್ನು ಹುಡುಗರಲ್ಲೊಬ್ಬ ನನಗೂ ಯಜಮಾನರಿಗೂ ಕನ್ನಡದಲ್ಲಿ ಹೇಳುತ್ತಿದ್ದ.

"ಗೊತ್ತಿತ್ತು."

"ಯಾವಾಗಿಂದ?"

"ಶುರುವಿಂದ."

"ಪ್ರತಿ ಶುಕ್ರವಾರ ಕೇಳ್ತಿದ್ದೆ, ಏನಾದ್ರೂ ತೊಂದರೆ ಇದ್ಯಾ ಅಂತ. ಎಲ್ಲರೂ ಇಲ್ಲ ಅಂದ್ರಿ!"

"ನೀನು ಲೀಡರು. ಎಲ್ಲರ ಮುಂದೆ ನಿನ್ನದು ತಪ್ಪು ಅಂತ ಹೇಗೆ ಹೇಳೋದು? ಸಾರ್ ಬೇರೆ ಚೆನ್ನಾಗಿದೆ ಅಂದಿದ್ರು."

ಟೈಸ್ ಮೇಷ್ಟ್ರ ಕಡೆ ತಿರುಗಿ, "ನಿಮಗೂ ಗೊತ್ತಿತ್ತಾ?" ಎಂದ. ಮೇಷ್ಟ್ರನ್ನು ಹೀಗೆ ನೇರವಾಗಿ ಕೇಳಿದ್ದನ್ನು ಕಂಡು ಮೂವರು ಹುಡುಗರೂ ಕಾಯಿ ರಾಶಿಯ ಹಿಂದೆ ಸರಿದರು.

ನಮ್ಮ ಮನೆಯಲ್ಲೂ ಯಜಮಾನರಿಗೆ ಏನಾದರೂ ಹೇಳಬೇಕಾದರೆ ಯಾರೂ ಪಡಸಾಲೆಯಲ್ಲಿ ಹೇಳುವುದಿಲ್ಲ. ಅಡುಗೆಮನೆಗೆ ಬಂದು ನನ್ನ ಕಿವಿಗೆ ಹಾಕುತ್ತಾರೆ. ಇದು ಹಾಲೆಂಡಿನವನಿಗೆ ಎಲ್ಲಿ ಗೊತ್ತಾಗಬೇಕು?

"ಎಲ್ರೂ ಒಳಗೆ ಬನ್ರೋ. ಮೇಷ್ಟ್ರೇ, ನೀವು ಇಲ್ಲೇ ಕೂತಿರಿ, ಕಾಫಿ ಕಳಿಸ್ತೀನಿ" ಎಂದೆ.

ಪಕ್ಕದಲ್ಲೇ ಇದ್ದ ಮನೆಯ ಅಡುಗೆಮನೆಯಲ್ಲಿ ಅವರ ಮುಂದೆ ಒಂದು ಮೊರ ಅವರೆಕಾಯಿ ಸುರಿದೆ. ಕೈಗೆ ಕೆಲಸವಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ಸ್ವಿಚ್ಚು ಎಡಗಡೆ ಇರಬೇಕಿತ್ತು ಎಂದ ಒಬ್ಬ. ಸದ್ದು ವಿಪರೀತ ಎಂದ ಇನ್ನೊಬ್ಬ. ಬಣ್ಣ ನೋಡಿದರೆ ವಾಕರಿಕೆ ಬರುತ್ತದೆ ಎಂದ ಮತ್ತೊಬ್ಬ. ಒಂದೊಂದು ತಪ್ಪು ಹೇಳಿದಾಗಲೂ ಟೈಸ್ ಲಾಡು ಸಿಕ್ಕಿದವನಂತೆ ಹಿಗ್ಗಿದ.

ಕೊನೆಗೆ ಶಿಲ್ಪಾ, "ತುದಿಗೆ ಒಂದು ಟೋಪಿ ಹಾಕಿದ್ರೆ ಜುಟ್ಟು ಉಳಿಯುತ್ತೆ. ಶುರುವಲ್ಲೇ ಅನ್ಕೊಂಡಿದ್ದೆ" ಎಂದಳು.

ಟೈಸನ ಕಣ್ಣು ನನ್ನ ಸ್ಟೀಲ್ ಲೋಟದ ಮೇಲೆ ಬಿತ್ತು. ತವರಿನ ಲೋಟ ಕಣಪ್ಪ ಎನ್ನುವಷ್ಟರಲ್ಲಿ ಐವರೂ ಅದರ ಸಮೇತ ಮಂಡಿಗೆ ಓಡಿದ್ದರು.

ಲೋಟ ಕೂರಿಸಿದ ಮೇಲೆ ಎರಡನೇ ಕಾಯಿ ಜುಟ್ಟು ಬಿಟ್ಟುಕೊಂಡು ಠೀವಿಯಿಂದ ಹೊರಗೆ ಬಂತು. ಯಜಮಾನರು ಜುಟ್ಟು ಹಿಡಿದು ಜಗ್ಗಿ ನೋಡಿದರು. ಬರಲಿಲ್ಲ.

"ಮೆಷಿನ್ ಇಲ್ಲೇ ಇರ್ಲಿ" ಎಂದರು. "ಲೋಟಾನೂ."

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಹೇಗಿದೆ ಎಂದು ಕೇಳಿದೆ. "ಸೂಪರ್ ದೊಡ್ಡಮ್ಮ" ಎಂದಳು ಶಿಲ್ಪಾ. ಹುಡುಗರೂ ಮೇಷ್ಟ್ರೂ ತಲೆದೂಗಿದರು.

ಟೈಸ್ ಕಲಿತಷ್ಟು ಕನ್ನಡದಲ್ಲಿ ಹೇಳಿದ: "ಉಪ್ಪು ಜಾಸ್ತಿ."

ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಯಜಮಾನರು ಮಾತ್ರ ತಲೆ ಎತ್ತದೆ, "ಶುರುವಿಂದಲೂ ಹಂಗೇ ಕಣಪ್ಪ" ಎಂದರು.

"ಯಾವ ಶುರುವಿಂದ ರೀ?"

"ಮದ್ವೆ ಆದಾಗಿಂದ."

"ಮತ್ತೆ ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

ಯಜಮಾನರು ಒಮ್ಮೆ ಶಿಲ್ಪಾಳ ಕಡೆ ನೋಡಿ ಮುದ್ದೆ ಮುರಿದರು.

"ನೀನು ಲೀಡರು ಕಣೇ."