ಹುಳಿ ಹಿಡಿದ ಬಿಳಿ ಡ್ರಮ್ಮು

ನಾನು ಒಂದು ಡ್ರಮ್ಮು. ಮದುವೆ ದಿಬ್ಬಣದಲ್ಲಿ ಬಾರಿಸುವ ಡ್ರಮ್ಮಲ್ಲ, ಮನೆಯಲ್ಲಿ ನೀರು ತುಂಬುವಂಥದ್ದು. ಬಿಳಿ ಪ್ಲಾಸ್ಟಿಕ್ಕಿನ ಮೈ, ಅಗಲವಾದ ಬಾಯಿ, ತಿರುಪಿನ ಮುಚ್ಚಳ, ಎರಡು ಕಡೆ ಹಿಡಿ. ನನಗೆ ಮೂಗಿಲ್ಲ, ಆದರೆ ನಮ್ಮ ಜಾತಿಗೆ ಮೈಯೆಲ್ಲ ಮೂಗು. ಒಳಗೆ ಏನು ಹಾಕಿದರೂ ಅದರ ವಾಸನೆ ಚರ್ಮಕ್ಕೆ ಇಳಿದು ಕೂತುಬಿಡುತ್ತದೆ. ಹಾಗಾಗಿ ನನ್ನ ಬದುಕಿನ ಕಥೆ ಬಹುಮಟ್ಟಿಗೆ ನಾತದ ಕಥೆ. ಇನ್ನೂ ಊಟ ಆಗದವರು ಮೊದಲು ಊಟ ಮುಗಿಸಿ ಬಂದರೆ ಒಳ್ಳೆಯದು. ಇದನ್ನೆಲ್ಲ ನೆಟ್ಟಗೆ ಹೇಳಬಲ್ಲೆನೋ ಇಲ್ಲವೋ ಎಂಬ ಅಳುಕು ನನಗೂ ಇದೆ. ಗೊತ್ತಿದ್ದಷ್ಟನ್ನು ಕಂಡ ಹಾಗೆ ಹೇಳುತ್ತೇನೆ.

ಅಕ್ಕಿಕಾಳಿನಂಥ ಪ್ಲಾಸ್ಟಿಕ್ ಹರಳುಗಳನ್ನು ಕರಗಿಸಿ, ಅಚ್ಚಿನೊಳಗೆ ಇಳಿಬಿಟ್ಟು, ಯಂತ್ರದಿಂದ ಗಾಳಿ ಊದಿ ನನ್ನನ್ನು ಉಬ್ಬಿಸಿದರು. ಹುಟ್ಟಿದ ಕೂಡಲೇ ನನ್ನ ಒಳಮೈ ಎಷ್ಟು ನುಣುಪಾಗಿತ್ತೆಂದರೆ ನೀರಿನ ಹನಿಯೂ ನಿಲ್ಲದೆ ಜಾರುತ್ತಿತ್ತು. ಆ ನುಣುಪಿನ ಬೆಲೆ ಆಗ ನನಗೆ ಗೊತ್ತಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಹೋಗಿಬಿಟ್ಟಿತ್ತು.

ಮೊದಲು ನನಗೆ ಸಿಕ್ಕಿದ್ದು ಮಿಡಿಸೌತೆ. ತುಮಕೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಬೆರಳುಗಾತ್ರದ ಸೌತೆಕಾಯಿಗಳನ್ನು ವಿನೆಗರ್ ನೀರಿನಲ್ಲಿ ಮುಳುಗಿಸಿ ನನ್ನೊಳಗೆ ತುಂಬಿದರು. ಹಡಗು ಹತ್ತಬೇಕಿದ್ದ ಸರಕು ಯಾವ ಕಾರಣಕ್ಕೋ ಹತ್ತಲಿಲ್ಲ. ಕಾಯಿಗಳು ಒಳಗೇ ಮೆತ್ತಗಾಗಿ, ಲೋಳೆ ಬಿಟ್ಟುಕೊಂಡವು. ಅದನ್ನು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ. ಆಮೇಲೆ ಒಬ್ಬ ಅಡುಗೆ ಕಂಟ್ರಾಕ್ಟರು ನನ್ನನ್ನು ಕೊಂಡು, ಬಿಸಿಲಿಗಿಟ್ಟು, ಮದುವೆ ಮನೆಗಳಲ್ಲಿ ಕುಡಿಯುವ ನೀರಿಗೆ ಬಳಸಿದ. ಅಲ್ಲಿ ನಾನು ಕೆಳಗಿನಿಂದ ಕಂಡಿದ್ದು ಜನರ ಮೊಣಕಾಲು, ಪಂಚೆಯ ಅಂಚು, ಉಗಿದ ಎಲೆಯಡಿಕೆ. ರೇಷ್ಮೆ ಸೀರೆ ಉಟ್ಟವರೂ ನನ್ನ ಪಕ್ಕಕ್ಕೇ ಬಂದು ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು. ಆದರೂ ಆ ಕಂಟ್ರಾಕ್ಟರು ನನ್ನ ಒಳಗೆ ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಬಿಸಿಲಿಗೂ ನೀರಿಗೂ ವಿನೆಗರಿನ ನಾತ ನಿಧಾನಕ್ಕೆ ಬಿಟ್ಟುಹೋಯಿತು. ಮದುವೆಗಳಿಗೆ ಬಾಟಲಿ ನೀರು ಬಂದ ಮೇಲೆ ಅವನಿಗೆ ನಾನು ಬೇಡವಾದೆ. ಹಳೇ ಡ್ರಮ್ಮಿನ ಅಂಗಡಿಯಲ್ಲಿ ತಲೆಕೆಳಗಾಗಿ ಕೂತಿದ್ದಾಗ ತಿಮ್ಮರಾಜು ಬಂದ.

ತಿಮ್ಮರಾಜು ತುಮಕೂರಿನ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಬಂದವರ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಗಾಜು ಬದಲಾಯಿಸುತ್ತ, "ಇದರಲ್ಲಿ ಚೆನ್ನಾಗಿ ಕಾಣ್ತದಾ, ಅದರಲ್ಲಾ?" ಎಂದು ಕೇಳುವುದು ಅವನ ದಿನಗೆಲಸ. ಕೆಲವರು ಅವನಿಗೆ ಬೇಸರವಾದೀತೆಂದು ಕಾಣದಿದ್ದರೂ ಕಾಣುತ್ತದೆ ಎನ್ನುತ್ತಾರಂತೆ. ಅಂಥವರಿಗೆ ತಪ್ಪು ಗಾಜು ಹೋಗಿ, ತಲೆನೋವು ಶುರುವಾಗಿ, ಅವರು ಮತ್ತೆ ಅಂಗಡಿಗೆ ಬರುತ್ತಾರಂತೆ. "ನನ್ನ ಖುಷಿಗೆ ಹೇಳಬೇಡಿ, ಕಾಣದಿದ್ರೆ ಕಾಣಲ್ಲ ಅನ್ನಿ" ಎಂದು ಎಲ್ಲರಿಗೂ ಹೇಳುತ್ತಿದ್ದನೆಂದು ಅವನೇ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಅವನು ನನ್ನ ಬಾಯೊಳಗೆ ತಲೆ ತೂರಿಸಿ ಮೂಸಿದ. ಅಂಗೈಯಿಂದ ಒಳಗೋಡೆ ಸವರಿದ. "ಬೆಣ್ಣೆ ಇದ್ದ ಹಂಗೈತೆ" ಎಂದು ಅಂಗಡಿಯವನಿಗೆ ಹೇಳಿದ. ನನ್ನನ್ನು ಹೊಗಳಿದ ಮೊದಲ ಮನುಷ್ಯ ಅವನೇ. ಸ್ಕೂಟರಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದು, ಬುಡದಲ್ಲಿ ಒಂದು ಸಣ್ಣ ನಲ್ಲಿ ಕೂರಿಸಿ, ಹಿತ್ತಲ ಬಚ್ಚಲಿನ ಮೂಲೆಯಲ್ಲಿಟ್ಟ. ಮನೆಯಲ್ಲಿ ಅವನು ಮತ್ತು ಅವನ ತಾಯಿ ದೊಡ್ಡತಾಯಮ್ಮ, ಇಬ್ಬರೇ.

ಬಿಯರ್ ಮಾಡುವ ಹುಚ್ಚು ಅವನಿಗೆ ಎಲ್ಲಿಂದ ಹತ್ತಿತೋ ನಾನರಿಯೆ. ಮೊಳಕೆ ಕಟ್ಟಿಸಿ ಹುರಿದ ಬಾರ್ಲಿಯನ್ನು ತರಿಸಿ, ಹಂಡೆಯಲ್ಲಿ ಬೇಯಿಸಿ, ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ ನನ್ನೊಳಗೆ ಸುರಿದ. ಮೇಲೆ ಯೀಸ್ಟು ಉದುರಿಸಿದ. ಸೆಖೆ ತಾಗದಿರಲೆಂದು ನನಗೆ ಒದ್ದೆ ಗೋಣಿಚೀಲ ಹೊದಿಸಿದ. ಮನೆಯಲ್ಲಿ ಹೀಗೆ ಮಾಡಲು ಕಾನೂನಿನ ಒಪ್ಪಿಗೆ ಉಂಟೋ ಇಲ್ಲವೋ ಎಂದು ಅವನಿಗೂ ಪುಕುಪುಕು. ಯಾರಾದರೂ ಬಾಗಿಲು ತಟ್ಟಿದರೆ ಗೋಣಿಯ ಮೇಲೆ ಇನ್ನೊಂದು ಗೋಣಿ ಹಾಕುತ್ತಿದ್ದ.

ನನಗಂತೂ ಹೇಸಿಗೆಯಾಯಿತು. ಒಳಗೆ ಬಿದ್ದದ್ದು ಮರುದಿನವೇ ಉಸಿರಾಡತೊಡಗಿತು. ಕಂದು ನೊರೆ ಕತ್ತಿನವರೆಗೆ ಏರಿತು. ಮುಚ್ಚಳದ ಕೊಳವೆಯಲ್ಲಿ ಲೊಟಲೊಟ ಗುಳ್ಳೆ. ಹೊಟ್ಟೆ ಕೆಟ್ಟವನ ಹಾಗೆ ಹಗಲೆಲ್ಲ ತೇಗುತ್ತ ಕೂತೆ. ತಳದಲ್ಲಿ ಕೆಸರಿನಂಥ ಗಸಿ. ಇದನ್ನು ಮನುಷ್ಯರು ಕುಡಿಯುತ್ತಾರೆಯೇ ಎಂದುಕೊಂಡೆ. ಆದರೆ ಗಸಿಯೆಲ್ಲ ತಣ್ಣಗೆ ಕೆಳಗೆ ಕೂತು, ಮೇಲಿನದು ತಿಳಿಯಾಗಿ, ಬಾಟಲಿಗೆ ಇಳಿದಾಗ ಅದರ ಪರಿಮಳ ನಿಜಕ್ಕೂ ಚೆನ್ನಾಗಿತ್ತು. ಈಗತಾನೆ ಬೇಯಿಸಿದ ಬ್ರೆಡ್ಡಿನ ಹಾಗೆ. ಅದನ್ನು ನಾನು ಮುಚ್ಚಿಡುವುದಿಲ್ಲ.

ಆ ಭಾನುವಾರ ಅವನ ಗೆಳೆಯರಿಬ್ಬರು ಬಂದರು. ಟೈಲ್ಸ್ ಅಂಗಡಿಯ ರೇವಣ್ಣ, ವಿಮೆ ಏಜೆಂಟ್ ಗೋಪಿನಾಥ. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕುಡಿದರು.

"ಲೇ ತಿಮ್ಮ, ಇದ್ನ ನೀನೇ ಮಾಡಿದ್ದೇನ್ಲಾ?" ಎಂದ ರೇವಣ್ಣ. "ಈ ಕೆಲ್ಸ ಬಿಟ್ಟು ಆ ಮುದುಕರ ಕಣ್ಣಿಗೆ ಟಾರ್ಚ್ ಬಿಡ್ಕಂಡು ಕೂತಿದ್ದೀಯಲ್ಲೋ!"

"ನನ್ನ ಖುಷಿಗೆ ಹೇಳ್ಬೇಡ, ನಿಜ ಹೇಳು."

"ನಿಮ್ಮವ್ವನಾಣೆ ಕಣಯ್ಯ. ಅಲ್ಲೇ ಬಿಯರ್ ಮಾಡಿ ಅಲ್ಲೇ ಮಾರೋ ಒಂದು ಬ್ರೂಪಬ್ ತೆಗಿ. ನಾನು ದಿನಾ ಬಂದು ಮೊದಲನೇ ಟೇಬಲ್ನಾಗೆ ಕೂರ್ತೀನಿ."

ಆ ಮಾತು ತಿಮ್ಮರಾಜುವಿನ ಎದೆಯಲ್ಲಿ ಬೇರು ಬಿಟ್ಟಿತು. ತಾಮ್ರದ ಹಂಡೆಗಳು, ಗಾಜಿನ ಗೋಡೆ, ಹೆದ್ದಾರಿಯ ಕಡೆಗೆ ಮುಖಮಾಡಿದ ಮಹಡಿ, ಎಲ್ಲವನ್ನೂ ಅವನು ಬಟ್ಟೆ ಒಗೆಯುತ್ತ ನನಗೇ ಹೇಳುತ್ತಿದ್ದ. ಕೇಳಲು ಬೇರೆ ಯಾರಿದ್ದರು?

ತಾಯಿಗೆ ಇದೊಂದೂ ಸೇರುತ್ತಿರಲಿಲ್ಲ. ಆದರೆ ನೆಂಟರು ಬರುವ ಮನೆಯಲ್ಲಿ ಪಾತ್ರೆ ಗಬ್ಬಾಗಿರುವುದು ಅವರಿಗೆ ಅದಕ್ಕಿಂತ ಸೇರದ ಸಂಗತಿ. "ಕುಡಿಯೋದು ನಿನ್ನ ಕರ್ಮ. ಪಾತ್ರೆ ಗಲೀಜಾಗಿದ್ರೆ ನನ್ನ ಕರ್ಮ" ಎನ್ನುತ್ತಿದ್ದರು. ಆ ಭಾನುವಾರ ಕಳೆದು ಮಗ ಅಂಗಡಿಗೆ ಹೋದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಒರಗಿಸಿ, ಸ್ಟೀಲ್ ನಾರು ಮತ್ತು ಪಾತ್ರೆಪುಡಿ ಹಿಡಿದು ಒಳಗೆ ಕೈ ಹಾಕಿದರು. ಗಸಿ ಅಂಟಿದ ಕಡೆಯೆಲ್ಲ ಕರಕರ ಉಜ್ಜಿದರು. ಪಾಪ, ರಟ್ಟೆ ನೋಯುವವರೆಗೆ ಉಜ್ಜಿದರು. ಮಗ ಬಂದು ನೋಡಿದರೆ ನಾನು ಫಳಫಳ. ಅವನು ಬರೀ ಬಿಸಿನೀರಿನಲ್ಲಿ ತೊಳೆದು, ಕ್ರಿಮಿ ಕೊಲ್ಲುವ ಔಷಧಿ ನೀರು ಆಡಿಸಿ, ಮತ್ತೆ ತುಂಬಿದ. ಅಮ್ಮ ಉಜ್ಜಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವರೂ ಹೇಳಲಿಲ್ಲ. ಪಾತ್ರೆ ತೊಳೆದೆನೆಂದು ಯಾರು ಹೇಳಿಕೊಳ್ಳುತ್ತಾರೆ?

ಪ್ಲಾಸ್ಟಿಕ್ಕಿಗೆ ಸ್ಟೀಲ್ ನಾರು ತಗುಲಿದರೆ ಏನಾಗುತ್ತದೆ ಎಂಬುದು ನನ್ನ ಮೈಗೆ ಗೊತ್ತು. ಕಣ್ಣಿಗೆ ಕಾಣದ ಗೀರುಗಳು. ಆ ಗೀರುಗಳಲ್ಲಿ ಯಾವ ಬಿಸಿನೀರಿಗೂ ಔಷಧಿಗೂ ಸಿಕ್ಕದ ಹಾಗೆ ಹಳೆಯ ಕೊಳೆ ಕೂತು, ಅದರಲ್ಲಿ ಏನೇನೋ ಹುಟ್ಟಿಕೊಂಡು, ಹೊಸ ಬಿಯರ್ ಬಿದ್ದ ಕೂಡಲೇ ಅದಕ್ಕೆ ಬಾಯಿ ಹಾಕಿದವು. ಎರಡನೆಯ ಸಲ ಪರಿಮಳದ ಹಿಂದೆ ಸಣ್ಣದೊಂದು ಹುಳಿ. ಅಮ್ಮ ಮತ್ತೆ ಉಜ್ಜಿದರು. ಮೂರನೆಯ ಸಲ ಒದ್ದೆ ಕಾಲುಚೀಲದ ವಾಸನೆ. ನಾತ ಬಂತೆಂದು ಅವರು ಇನ್ನಷ್ಟು ಉಜ್ಜಿದರು, ಉಜ್ಜಿದಷ್ಟೂ ನಾತ ಹೆಚ್ಚಿತು. ಆಮೇಲಿನದನ್ನು ವರ್ಣಿಸಲು ಹೋಗುವುದಿಲ್ಲ. ನನ್ನ ಹೊಟ್ಟೆಯೇ ನನಗೆ ವಾಕರಿಕೆ ತರಿಸುತ್ತಿತ್ತು.

ಅದಕ್ಕಿಂತ ಹೆಚ್ಚು ಹೇಸಿಗೆ ತರಿಸಿದವರು ಗೆಳೆಯರು. ಭಾನುವಾರ ತಪ್ಪದೆ ಬರುತ್ತಿದ್ದರು. ತಿಮ್ಮರಾಜು ಗ್ಲಾಸು ಕೊಟ್ಟು ಕಣ್ಣು ಮಿಟುಕಿಸದೆ ನೋಡುತ್ತ ನಿಲ್ಲುತ್ತಿದ್ದ. "ಹೋದ ಸಲದ್ದು ಚೆನ್ನಾಗಿತ್ತಾ, ಈ ಸಲದ್ದಾ?"

"ಈ ಸಲದ್ದು ಇನ್ನೂ ಸೂಪರ್ ಗುರು" ಎನ್ನುತ್ತಿದ್ದ ಗೋಪಿನಾಥ.

"ಸ್ವಲ್ಪ ಹುಳಿ ಅನ್ಸಲ್ವಾ?"

"ಹುಳೀನೇ ಕಣೋ ವಿಶೇಷ. ಫಾರಿನ್ನಾಗೆ ಹುಳಿ ಬಿಯರ್‌ಗೆ ಜನ ಸಾಯ್ತಾರೆ. ನಿನ್ನ ಕೈಗೆ ಅದು ತಾನಾಗೇ ಬಂದೈತೆ."

ಇಷ್ಟು ಹೇಳಿ, ಕೈ ತೊಳೆಯುವ ನೆಪದಲ್ಲಿ ಗ್ಲಾಸು ಹಿಡಿದು ಬಚ್ಚಲಿಗೆ ಬರುತ್ತಿದ್ದರು. ನನ್ನ ಕಾಲ ಬುಡದಲ್ಲೇ ನೀರು ಹೋಗುವ ತೂತು. ಅದರೊಳಗೆ ಬಿಯರನ್ನು ಸುರಿದು, ರೇವಣ್ಣ ಪ್ಯಾಂಟಿನ ಜೇಬಿನಿಂದ ಕ್ವಾರ್ಟರ್ ಬಾಟಲಿ ತೆಗೆದು ಅದೇ ಗ್ಲಾಸಿಗೆ ಬಗ್ಗಿಸಿಕೊಳ್ಳುತ್ತಿದ್ದ. ಗೋಡೆಯ ನಲ್ಲಿಯ ಮೇಲಿನ ಕನ್ನಡಿಯಲ್ಲಿ ಮುಖವನ್ನು ಸರಿಮಾಡಿಕೊಂಡು, ನಗು ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಅವರು ಬರುತ್ತಿದ್ದುದು ದೊಡ್ಡತಾಯಮ್ಮ ಹುರಿಯುತ್ತಿದ್ದ ನಾಟಿಕೋಳಿಗೆ. ಅದು ನಿಂತುಹೋದೀತೆಂಬ ಭಯಕ್ಕೆ ಬಿಯರನ್ನು ಹೊಗಳುತ್ತಿದ್ದರು. ಲೋಳೆಬಿಟ್ಟ ಮಿಡಿಸೌತೆಯನ್ನು ಹೊತ್ತಿದ್ದ ನನಗೆ ಆ ನಗುಮುಖಕ್ಕಿಂತ ಕೊಳೆತದ್ದು ಬೇರೆ ಕಂಡಿಲ್ಲ. ಕೂಗಿ ಹೇಳೋಣವೆಂದರೆ ನನಗಿರುವುದು ಮುಚ್ಚಿದ ಬಾಯಿ.

ಹೀಗಿರುವಾಗ ಗೋಪಿನಾಥ ಒಂದು ಸುದ್ದಿ ತಂದ. ಹೆದ್ದಾರಿಯ ಬದಿಯಲ್ಲಿ ಬಾರ್ ನಡೆಸುವ ಸದಾನಂದ ಶೆಟ್ಟರ ಕಟ್ಟಡದ ಮೇಲ್ಮಹಡಿ ಖಾಲಿಯಿದೆ. ಬ್ರೂಪಬ್‌ಗೆ ಅರ್ಜಿ ಹಾಕುವ ಯೋಚನೆ ಅವರಿಗಿದೆ. ಮಾಡುವ ಕೈ ಒಂದು ಬೇಕು. ಭಾನುವಾರ ಬಂದು ರುಚಿ ನೋಡುತ್ತಾರೆ. ತಿಮ್ಮರಾಜು ಆ ವಾರವೆಲ್ಲ ನಿದ್ದೆಗೆಟ್ಟ. ಶೆಟ್ಟರು ಒಪ್ಪಿದರೆ ಸೋಮವಾರವೇ ಕನ್ನಡಕದ ಅಂಗಡಿ ಬಿಡುವುದು ಎಂದು ನಿಶ್ಚಯಿಸಿದ. ಅಂಗಡಿಯ ಯಜಮಾನರು ಹೊಸ ಶಾಖೆಯನ್ನು ಅವನಿಗೇ ವಹಿಸುವ ಮಾತಾಡಿದ್ದರು. ಅದಕ್ಕೂ ಸೋಮವಾರವೇ ಉತ್ತರ ಕೊಡಬೇಕಿತ್ತು.

ಶೆಟ್ಟರು ಬಂದರು. ಬಿಳಿ ಅಂಗಿ, ಮೆಲುಮಾತು. ಗ್ಲಾಸನ್ನು ಮೂಗಿನ ಹತ್ತಿರ ತಂದರು, ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡರು. ಅವರ ಗಂಟಲು ಒಪ್ಪದೆ ಒಂದು ಕ್ಷಣ ತಡೆದದ್ದು ನನಗೆ ಬಚ್ಚಲ ಮೂಲೆಯಿಂದಲೇ ಕಂಡಿತು.

"ಹೆಂಗೈತೆ ಸಾರ್? ನನ್ನ ಖುಷಿಗೆ ಹೇಳ್ಬೇಡಿ."

"ಒಳ್ಳೆದುಂಟು ಮಾರಾಯ್ರೇ. ಭಾರೀ ಡಿಫರೆಂಟ್ ಉಂಟು. ನಾನು ಫೋನ್ ಮಾಡ್ತೇನೆ, ಆಯ್ತಾ?"

ಕೋಳಿಯ ಕಾಲೊಂದನ್ನು ಮುಗಿಸಿ, ಇನ್ನೊಂದು ಗುಟುಕು ಬಾಯಿಗೆ ಹಾಕಿಕೊಂಡು ಬಚ್ಚಲಿಗೆ ಬಂದರು. ಬಾಯಲ್ಲಿದ್ದ ಎರಡನೆಯ ಗುಟುಕನ್ನು ತೂತಿಗೆ ಉಗಿದರು. ಮೂರು ಸಲ ನೀರು ಹಾಕಿ ಮುಕ್ಕಳಿಸಿದರು. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ದೊಡ್ಡತಾಯಮ್ಮ.

"ಯಾಕಪ್ಪಾ, ಉಗಿದುಬಿಟ್ಟೆ?"

"ಅದು... ಹಲ್ಲು ನೋವು ಅಮ್ಮ."

"ಹಲ್ಲು ನೋವಿರೋನು ಕೋಳಿಕಾಲಿನ ಮೂಳೇನೂ ಬಿಟ್ಟಿಲ್ವಲ್ಲಪ್ಪ!"

ಶೆಟ್ಟರು ತಲೆತಗ್ಗಿಸಿ ಹೊರಟರು. ಹಿಂದೆಯೇ ಗೆಳೆಯರೂ ಕೋಳಿ ಮುಗಿಸಿ ಹೊರಟರು. ತಿಮ್ಮರಾಜು ಕುಣಿಯುತ್ತ ಒಳಗೆ ಬಂದ. "ಅಮ್ಮ, ಫೋನ್ ಮಾಡ್ತಾರಂತೆ! ನಾಳೇನೇ ಅಂಗಡಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ."

ದೊಡ್ಡತಾಯಮ್ಮ ಸೀದಾ ಹಿತ್ತಲಿಗೆ ನಡೆದರು. ಜನ್ಮದಲ್ಲಿ ಬಿಯರ್ ಮುಟ್ಟದವರು ಮಗನ ಗ್ಲಾಸನ್ನು ಎತ್ತಿ, ಕಣ್ಣು ಮುಚ್ಚಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಓಡಿಬಂದು ನನ್ನ ಪಕ್ಕ ಉಗಿದರು.

"ಥೂ! ಹಳಸಿದ ಅಂಬಲಿಗೆ ಒದ್ದೆ ಗೋಣಿ ಹಿಂಡಿದಂಗೈತಲ್ಲೋ!"

"ನೀನು ಕುಡಿದೋಳಲ್ಲ, ನಿನಗೇನು ಗೊತ್ತಾಯ್ತದೆ? ಶೆಟ್ಟರು ಚೆನ್ನಾಗೈತೆ ಅಂದ್ರು."

"ಅಂದ. ಅಂದುಬಿಟ್ಟು ಇಲ್ಲಿ ಬಂದು ಉಗಿದ. ನಾನು ಕಣ್ಣಾರೆ ನೋಡ್ದೆ." ಸೆರಗಿನಿಂದ ಬಾಯಿ ಒರೆಸಿಕೊಂಡು ಗ್ಲಾಸನ್ನು ಅವನ ಕೈಗೆ ಕೊಟ್ಟರು. "ಊರೋರಿಗೆಲ್ಲ ಕೇಳ್ತೀಯ, ಇದಾ ಅದಾ ಅಂತ. ನಿನ್ನ ನಾಲಿಗೇನ ಒಂದಿನ ಕೇಳಿದ್ಯೇನಪ್ಪ?"

ತಿಮ್ಮರಾಜು ಕುಡಿದ. ಯಾರ ಮುಖವನ್ನೂ ನೋಡದೆ, ನಿಧಾನವಾಗಿ. ಅವನ ಮುಖ ಕಿವುಚಿಕೊಂಡಿತು. ಬಗ್ಗಿ ತೂತಿಗೆ ಉಗಿದ. ಅಷ್ಟು ತಿಂಗಳಿಂದ ಅವನಿಗೂ ಗೊತ್ತಿದ್ದದ್ದು ಆ ಉಗುಳಿನ ಜೊತೆ ಹೊರಗೆ ಬಂತು.

ಜೇಬಿನಲ್ಲಿ ಸದಾ ಇರುವ, ಕಣ್ಣು ನೋಡುವ ಪೆನ್ ಟಾರ್ಚ್ ತೆಗೆದ. ನನ್ನ ಮುಚ್ಚಳ ತಿರುಪಿ, ಒಳಗೆ ಬೆಳಕು ಬಿಟ್ಟು ಓರೆಯಾಗಿ ನೋಡಿದ. ನನ್ನ ಒಳಮೈ ತುಂಬ ಗೀರು, ಗೀರಿನ ಮೇಲೆ ಗೀರು. ಬೆರಳಿನಿಂದ ಸವರಿ ನೋಡಿದ. ಬೆಣ್ಣೆಯಂತಿದ್ದದ್ದು ಮರಳುಕಾಗದವಾಗಿತ್ತು.

"ಅಮ್ಮ, ಇದನ್ನ ನೀನೇನಾದ್ರೂ ತೊಳೀತಿದ್ಯಾ?"

"ಮತ್ತೆ? ಪ್ರತಿ ಸಲ ಸ್ಟೀಲ್ ನಾರು ಹಾಕಿ ಉಜ್ತೀನಿ. ನೀನು ಬರೀ ನೀರು ಚೆಲ್ತೀಯ. ನಾಲ್ಕು ಜನ ಕುಡಿಯೋ ಪಾತ್ರೆ, ನಿನ್ನ ಮರ್ಯಾದೆ ಪ್ರಶ್ನೆ." ಅವರ ಮುಖದಲ್ಲಿ ಒಂದು ಸಣ್ಣ ಗಾಬರಿ ಮೂಡಿತು. "ಯಾಕ್ಲಾ? ಅದರಿಂದ ಏನಾರ ಆಯ್ತಾ?"

ತಿಮ್ಮರಾಜು ಟಾರ್ಚ್ ಆರಿಸಿದ. ಅವರ ಕೈಯನ್ನು ಅವನು ನೋಡುತ್ತಿದ್ದ. ಪಾತ್ರೆಪುಡಿ ತಿಂದು ಬಿರಿದ ಬೆರಳ ತುದಿಗಳನ್ನು.

"ಏನಿಲ್ಲಮ್ಮ" ಎಂದ. "ಡ್ರಮ್ಮೇ ಸರಿ ಇಲ್ಲ. ಹಳೇದು. ನಾನೇ ನೋಡಿ ತರಬೇಕಾಗಿತ್ತು."

ಮರುದಿನ ಅಂಗಡಿಗೆ ಹೋದ. ಹೊಸ ಶಾಖೆ ಒಪ್ಪಿಕೊಂಡ. ಶೆಟ್ಟರ ಫೋನು ಬರಲಿಲ್ಲ. ಗೆಳೆಯರು ಮುಂದಿನ ಭಾನುವಾರ ಬಂದಾಗ ದೊಡ್ಡತಾಯಮ್ಮ ಅವರಿಗೆ ಕೋಳಿಯ ಬದಲು ಗ್ಲಾಸು ತುಂಬ ಹಳೇ ಬಿಯರ್ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರಿಗೇ ಕೂತಿದ್ದರು. ಆಮೇಲೆ ಅವರು ಈ ಕಡೆ ತಲೆಹಾಕಲಿಲ್ಲ.

ಆರೇಳು ತಿಂಗಳ ಮೇಲೆ ಬಚ್ಚಲಿಗೆ ಹೊಸಬನೊಬ್ಬ ಬಂದ. ದಪ್ಪ ಸ್ಟೀಲಿನ, ಹಾಲು ಸಾಗಿಸುವಂಥ ಕ್ಯಾನು. ಅದನ್ನು ಎಷ್ಟು ಉಜ್ಜಿದರೂ ಬಡಪೆಟ್ಟಿಗೆ ಜಗ್ಗುವುದಿಲ್ಲ. ದೊಡ್ಡತಾಯಮ್ಮ ಈಗಲೂ ನಾರು ಹಿಡಿದು ಉಜ್ಜುತ್ತಾರೆ, ಮಗ ಬೇಡವೆನ್ನುವುದಿಲ್ಲ. ಬಿಯರ್ ಇಳಿಸಿದ ದಿನ ಎರಡು ಗ್ಲಾಸು ಹಿಡಿದು ಬರುತ್ತಾನೆ.

"ಅಮ್ಮ, ಮೂಸು. ಇದಾ, ಅದಾ?"

"ಎರಡೂ ಗಬ್ಬು" ಎನ್ನುತ್ತಾರೆ. ಮತ್ತೊಂದು ಸಲ ಮೂಸಿ, "ಎಡಗೈದು ಪರವಾಗಿಲ್ಲ." ಅವನು ಅದನ್ನು ನಂಬುತ್ತಾನೆ. ಬ್ರೂಪಬ್ಬಿನ ಮಾತು ಎತ್ತುವುದಿಲ್ಲ. ಆದರೆ ಬಟ್ಟೆ ಒಗೆಯುವಾಗ ಆ ಸ್ಟೀಲ್ ಕ್ಯಾನಿಗೆ ಏನೋ ಗುನುಗುಟ್ಟುವುದು ನನಗೆ ಕೇಳಿಸುತ್ತದೆ.

ನನ್ನನ್ನು ಹಿತ್ತಲ ನುಗ್ಗೆಮರದ ಕೆಳಗೆ ತಂದಿಟ್ಟು, ಬುಡಕ್ಕೆ ತೂತು ಹೊಡೆದು, ಅಡುಗೆಮನೆಯ ಕಸ ತುಂಬುತ್ತಾರೆ. ಬಾಳೆಸಿಪ್ಪೆ, ಟೀ ಚರಟ, ಕೊಳೆತ ಟೊಮೆಟೊ, ಬಿಯರ್ ಮಾಡಿ ಉಳಿದ ಬಾರ್ಲಿ ಹಿಂಡಿ. ಹುಳ ಹರಿದಾಡುತ್ತವೆ. ಮಳೆ ಬಂದರೆ ನಾತ ಬೀದಿಗೆ ಹೋಗುತ್ತದೆ. ಹೇಸಿಗೆ ಇವತ್ತಿಗೂ ಹೋಗಿಲ್ಲ. ಆದರೆ ನನ್ನ ಪಕ್ಕ ಹಾದುಹೋಗುವವರೆಲ್ಲ ಮೂಗು ಮುಚ್ಚಿಕೊಂಡೇ ಹೋಗುತ್ತಾರೆ, ಸೂಪರ್ ಎನ್ನುವುದಿಲ್ಲ. ಅಷ್ಟರ ಮಟ್ಟಿಗೆ ನೆಮ್ಮದಿ.

ಕಸ ಹಾಕಲು ಬಂದಾಗಲೆಲ್ಲ ದೊಡ್ಡತಾಯಮ್ಮ ನನ್ನ ಹೊಟ್ಟೆಗೆ ಒಂದು ತಟ್ಟು ತಟ್ಟಿ, "ಹಾಳು ಡ್ರಮ್ಮು, ನನ್ನ ಮಗನ ಕೆಲ್ಸ ಕೆಡಿಸ್ತು" ಎಂದು ಬೈಯುತ್ತಾರೆ. ಸುಳ್ಳನ್ನು ಕಂಡರೆ ನನಗೆ ಮೈಯೆಲ್ಲ ಮುಳ್ಳೇಳುತ್ತದೆ. ಆದರೆ ಮಗ ಅಮ್ಮನಿಗಾಗಿ ಹೇಳಿದ ಈ ಒಂದನ್ನು ಹೊರಲು ನನಗೆ ಹೇಸಿಗೆಯಿಲ್ಲ. ಬೈಯಲಿ. ನನ್ನೊಳಗಿನ ಗೀರುಗಳೆಲ್ಲ ಈಗ ಮಣ್ಣಿನಲ್ಲಿ ಮುಚ್ಚಿಹೋಗಿವೆ. ಟಾರ್ಚು ಬಿಟ್ಟು ನೋಡಿದರೂ ಕಾಣುವುದಿಲ್ಲ.