ಗುರುನಾಥನ ಉಳಿದ ನೂರಾ ಅರವತ್ತು ದಿನ

ನನ್ನ ಗಂಡ ಗುರುನಾಥ ಸತ್ತಾಗ ಅವನ ವರ್ಷದಲ್ಲಿ ಇನ್ನೂ ನೂರಾ ಅರವತ್ತು ದಿನ ಉಳಿದಿದ್ದವು. ಇದು ನನ್ನ ಲೆಕ್ಕವಲ್ಲ, ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯ ಲೆಕ್ಕ.

ಅವನು ಬೈಲಹೊಂಗಲದ ಒಂದು ಪತ್ತಿನ ಸಂಘದಲ್ಲಿ ಏಳು ವರ್ಷ ಕ್ಲಾರ್ಕ್ ಆಗಿದ್ದ. ಎರಡು ಸಾವಿರದ ಐದರ ಅಕ್ಟೋಬರ್ ಇಪ್ಪತ್ತೆರಡರ ಸಂಜೆ ನೇಸರಗಿ ರಸ್ತೆಯಲ್ಲಿ, ದೀಪವಿಲ್ಲದೆ ನಿಂತಿದ್ದ ಒಂದು ಟ್ರೇಲರಿಗೆ ಬೈಕಿನಲ್ಲಿ ಹಿಂದಿನಿಂದ ಹೋಗಿ ಗುದ್ದಿದ. ಮನೆಗೆ ಬಂದವರೆಲ್ಲ ಅತ್ತರು. ನಾನು ಅವರಿಗೆ ನೀರು ಕೊಟ್ಟೆ, ಚಾಪೆ ಹಾಸಿದೆ, ಚಪ್ಪಲಿಗಳನ್ನು ಜೋಡಿಸಿಟ್ಟೆ. ನನಗೆ ಏನೂ ಅನಿಸಲಿಲ್ಲ. ಇದನ್ನು ಹೇಳಲು ನಾಚಿಕೆಯೂ ಆಗುತ್ತಿಲ್ಲ.

ದೀಪಾವಳಿ ಪಾಡ್ಯ ಮುಗಿದ ಮೇಲೆ ಬಂದ ರವಿವಾರ ಸಂಘದ ಚೇರ್ಮನ್ ಸೋಮಪ್ಪ ಸಾಹುಕಾರರು, ಸೆಕ್ರೆಟರಿ ಗೌರೀಶನ ಜೊತೆ ನಮ್ಮ ಓಣಿಗೆ ಬಂದರು. ಸೋಮಪ್ಪನವರಿಗೆ ನಲವತ್ತು ಎಕರೆ ಹೊಲ. ಅವರ ತಂದೆಯ ಮನೆಯಲ್ಲಿ ನಮ್ಮ ಮಾವ ಗಂಗಪ್ಪ ದುಡಿದಿದ್ದರು. ಒಳಗೆ ಬನ್ನಿ ಎಂದರೆ ಸೆಕೆ ಎಂದು ಅಂಗಳದಲ್ಲೇ ಕುಳಿತರು. ನವೆಂಬರ್ ತಿಂಗಳಲ್ಲಿ ಸೆಕೆ.

"ನೋಡ್ ತಂಗಿ, ಕಂಪ್ಯೂಟರಿಗೆ ಎರಡ ಲೈಸನ್ಸ್ ತಗೊಂಡೀವಿ. ಒಂದ ಗೌರೀಶನ ಹೆಸರಿಗೆ, ಒಂದ ನಿನ್ನ ಗಂಡನ ಹೆಸರಿಗೆ. ಏಪ್ರಿಲ್‌ದಿಂದ ಮಾರ್ಚ್ ತನಕ ಪೂರಾ ವರ್ಷದ ರೊಕ್ಕ ಮೊದಲ ತುಂಬೀವಿ, ಒಂದೊಂದಕ್ಕ ಏಳ ಸಾವಿರದ ಮೂರನೂರು. ಈಗ ಅವನದು ಖಾಲಿ ಬಿದ್ದೈತಿ. ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆತು" ಎಂದರು ಸೋಮಪ್ಪ.

ನಾನು ಮಗಳನ್ನು ಒಳಗೆ ಕಳಿಸಿದೆ.

"ನಮ್ಮ ಕಡೀ ಪದ್ಧತಿ ನಿನಗ ಗೊತ್ತ ಐತಿ. ವರ್ಷದ ಆಳು ನಡುವ ತೀರಿಕೊಂಡ್ರ, ಉಳದ ತಿಂಗಳ ಮನಿಯವರು ದುಡದ ಮುಗಸ್ತಾರ. ನೀನೂ ಕಂಪ್ಯೂಟರ್ ಕಲ್ತೀದಿ. ಮಾರ್ಚ್ ತನಕ ಬಂದ ಕುಂಡ್ರು. ಅವನ ಪಗಾರನ ಕೊಡ್ತೀವಿ, ಎರಡ ಸಾವಿರದ ನಾಕನೂರು."

"ಮಾರ್ಚ್ ಆದಮ್ಯಾಲ್ರೀ?"

"ಮಾರ್ಚಿಗೆ ವರ್ಷ ಮುಗೀತಲ್ಲ."

ವರ್ಷದ ಆಳಿಗೆ ಯುಗಾದಿಯ ದಿನವೇ ಜೋಳ, ರೊಕ್ಕ ಮುಂಗಡ ಕೊಡುತ್ತಾರೆ. ಉಂಡದ್ದನ್ನು ದುಡಿದು ತೀರಿಸಬೇಕು, ಸತ್ತರೆ ಮನೆಯವರು ತೀರಿಸಬೇಕು. ಆದರೆ ಗುರುನಾಥ ತಿಂಗಳ ಪಗಾರದವನು, ದುಡಿದ ಮೇಲೆ ಕೈಗೆ ಬರುತ್ತಿತ್ತು. ಮುಂಗಡ ಹೋಗಿದ್ದು ಹುಬ್ಬಳ್ಳಿಯ ಕಂಪನಿಗೆ, ತೀರಿಸಬೇಕಾದವಳು ನಾನು. ಯಾರದೋ ಊಟ, ಯಾರದೋ ಎಲೆ ಎತ್ತುವ ಕೆಲಸ. ಇದನ್ನು ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಮನೆಯಲ್ಲಿ ಅತ್ತೆ, ನಾಲ್ಕು ವರ್ಷದ ಮಗಳು, ನಾನು, ಮೂರು ಹೊಟ್ಟೆ. ಐದು ತಿಂಗಳ ಪಗಾರ ಸಿಕ್ಕರೂ ಸಿಕ್ಕಿದ್ದೇ.

ಅವರು ಹೋದ ಮೇಲೆ ಅತ್ತೆ ಕಾಡವ್ವ ಹೇಳಿದಳು: "ಹೋಗವ್ವಾ. ನಿಮ್ಮ ಮಾವನೂ ಅವರಣ್ಣ ಸತ್ತಾಗ ಇವರಪ್ಪನ ಮನ್ಯಾಗ ನಾಕ ತಿಂಗಳ ದುಡದ ಮುಗಿಸಿದ್ದ."

"ಆಮ್ಯಾಲ?"

"ಆಮ್ಯಾಲ ಅಲ್ಲೇ ಉಳದ."

ಮರುದಿನ ಸಂಘಕ್ಕೆ ಹೋದೆ. ಕಂಪ್ಯೂಟರ್ ಚಾಲೂ ಮಾಡಿದರೆ ಮೊದಲು ಹೆಸರು ಕೇಳುತ್ತದೆ. ಲೈಸನ್ಸ್ ಇದ್ದ ಹೆಸರನ್ನೇ ಹೊಡೆಯಬೇಕು, ಬೇರೆ ಹೆಸರಿಗೆ ತೆರೆಯುವುದಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ 'ಗುರುನಾಥ' ಎಂದು ಟೈಪು ಮಾಡುತ್ತಿದ್ದೆ. ಪರದೆಯ ಮೂಲೆಯಲ್ಲಿ ಸಂಜೆಯವರೆಗೂ ಅವನ ಹೆಸರು. ಪಾವತಿ ಚೀಟಿ ಅಚ್ಚಾದರೆ ಕೆಳಗೆ 'ನಮೂದು: ಗುರುನಾಥ'. ಮೊದಲ ದಿನ ಎದೆ ಒಡೆಯುತ್ತದೆ ಎಂದುಕೊಂಡಿದ್ದೆ. ಒಡೆಯಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ತಿಂದೆ.

ಒಂದು ದಿನ ನೇಸರಗಿಯ ಅಮೋಘಸಿದ್ದಪ್ಪ ಎಂಬ ಮುದುಕ ಕಂತು ಕಟ್ಟಿ, ಪಾವತಿಯನ್ನು ಕನ್ನಡಕದ ಹತ್ತಿರ ಹಿಡಿದ.

"ಇದರಾಗ ಗುರುನಾಥ ಅಂತ ಐತೆಲ್ಲವ್ವಾ. ಅವ ಹ್ವಾದನಲ್ಲ?"

"ಹೌದ್ರಿ ಅಜ್ಜಾರ."

"ಮತ್ತ ಇದನ್ನ ಬರದಾವ್ರು?"

"ನಾನ್ರಿ."

"ಹಂಗಾರ ನಿನ್ನ ಹೆಸರ ಇರಬೇಕಲ್ಲ?"

ಪಂಚಾಯತಿ ಕಟ್ಟೆಯಲ್ಲಿ ಕೂತು ಬೀಡಿ ಸೇದುವ ಆ ಮುದುಕನಿಗೆ ಹೊಳೆದದ್ದು ಸಂಘದ ಹನ್ನೊಂದು ಡೈರೆಕ್ಟರುಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಮುಂದಿನವರ ನೋಟು ಎಣಿಸಿದೆ.

ಡಿಸೆಂಬರ್ ಮೂವತ್ತೊಂದರ ಶನಿವಾರ ಕಂಪನಿಯ ಬಾಳು ಎಂಬಾತ ಹುಬ್ಬಳ್ಳಿಯಿಂದ ಬಂದ. ನೇಸರಗಿಯಲ್ಲಿ ಸಂಘದ ಶಾಖೆ ತೆರೆಯುವುದಿತ್ತು. ಅಲ್ಲಿಗೆ ಮೂರನೆಯ ಲೈಸನ್ಸ್ ಬೇಕಿತ್ತು, ಅಲ್ಲಿ ಕೂರಲು ಗೌರೀಶನ ಅಳಿಯ ಸಚಿನ ಆಗಲೇ ಹೊಸ ಅಂಗಿ ಹೊಲಿಸಿದ್ದ. ಬಾಳು ಕೊಟ್ಟ ಬಿಲ್ಲು ನೋಡಿ ಸೋಮಪ್ಪ ಹುಬ್ಬು ಗಂಟಿಕ್ಕಿದರು.

"ಏಳ ಸಾವಿರದ ಮೂರನೂರಲ್ಲ? ಸಾವಿರದ ಎಂಟನೂರ ಬರದೀ. ಹಳೇ ಮಾಲ ನಮಗ ಹಚ್ಚಾಕ ಬಂದಿಯೇನ?"

ಹೆಚ್ಚು ಕೇಳಿದರೆ ಜಗಳ ತೆಗೆಯುವವರನ್ನು ಕಂಡಿದ್ದೇನೆ. ಕಡಿಮೆ ಕೇಳಿದ್ದಕ್ಕೆ ಸಿಟ್ಟಾದವರು ಇವರೊಬ್ಬರೇ.

"ಇಲ್ರಿ ಸಾಹುಕಾರ್ರ" ಎಂದ ಬಾಳು. "ನಿಮ್ಮ ಎಲ್ಲಾ ಲೈಸನ್ಸ್ ಒಂದ ದಿನಕ್ಕ ಮುಗೀಬೇಕ್ರಿ, ಮಾರ್ಚ್ ಮೂವತ್ತೊಂದಕ್ಕ. ಇದು ನಾಳಿಂದ ಚಾಲೂ. ನಾಳಿಂದ ಅಲ್ಲೀತನಕ ತೊಂಬತ್ತ ದಿನ. ವರ್ಷದ ರೊಕ್ಕಾನ ಮುನ್ನೂರ ಅರವತ್ತೈದ ದಿನಕ್ಕ ಹಂಚಿದ್ರ ದಿನಕ್ಕ ಇಪ್ಪತ್ತ ರೂಪಾಯಿ. ತೊಂಬತ್ತ ದಿನಕ್ಕ ಸಾವಿರದ ಎಂಟನೂರು. ಆಗಿಹೋದ ದಿನಕ್ಕ ನಾವು ರೊಕ್ಕ ತಗೊಳ್ಳೂದಿಲ್ರಿ."

ಸೋಮಪ್ಪನವರು ನಂಬಲಿಲ್ಲ, ನನಗೆ ಲೆಕ್ಕ ಹಾಕಲು ಹೇಳಿದರು. ಹಾಕಿದೆ. ಸರಿ ಇತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಆದರೆ ತಿಂಗಳುಗಟ್ಟಲೆ ಏನನ್ನೂ ಕೇಳದಿದ್ದವಳು ಅಂದು ಕೇಳಿಬಿಟ್ಟೆ.

"ಹಂಗಾರ ಒಂದ ಲೈಸನ್ಸ್ ನಡುವರ್ಷದಾಗ ಬ್ಯಾಡಂದ್ರ?"

"ಉಳದ ದಿನ ಎಣಿಸ್ತೀವ್ರಿ ಅಕ್ಕಾರ. ಕೈಯಾಗ ರೊಕ್ಕ ಕೊಡೂದಿಲ್ಲ, ಮುಂದಿನ ವರ್ಷದ ಬಿಲ್ಲಿನ್ಯಾಗ ಕಳೀತೀವಿ. ಇಲ್ಲಾ ಬ್ಯಾರೆ ಊರಿಗೆ ಒಯ್ಯಬಹುದು, ಬ್ಯಾರೆಯವರ ಹೆಸರಿಗೆ ಮಾಡಬಹುದು. ಅದಕ್ಕ ಬಿಡಿಗಾಸೂ ಇಲ್ಲ. ಒಂದ ಫೋನ್ ಮಾಡಿದ್ರ ಸಾಕಿತ್ತು."

ಆಗ ನಾನು ಮನಸ್ಸಿನಲ್ಲೇ ಎಣಿಸಿದೆ. ಗುರುನಾಥ ಸತ್ತ ಮರುದಿನದಿಂದ ಮಾರ್ಚ್ ಕೊನೆಗೆ ನೂರಾ ಅರವತ್ತು ದಿನ, ಮೂರು ಸಾವಿರದ ಇನ್ನೂರು ರೂಪಾಯಿ. ಒಂದು ಫೋನಿನಲ್ಲಿ ಉಳಿಯುತ್ತಿತ್ತು. ಯಾವ ಹುಣಸೆಹಣ್ಣೂ ಯಾವ ಹೊಳೆಯಲ್ಲೂ ಹೋಗಿರಲಿಲ್ಲ. ಯಾರ ಬಾಕಿಯನ್ನೂ ನಾನು ತೀರಿಸುತ್ತಿರಲಿಲ್ಲ.

ಸೋಮಪ್ಪನವರೂ ಎಣಿಸುತ್ತಿದ್ದರು, ಬೆರಳ ಗೆಣ್ಣಿನ ಮೇಲೆ. ಅವರದು ನನಗಿಂತ ಬೇಗ ಮುಗಿಯಿತು.

"ಹೊಸಾದಕ್ಕೂ ತೊಂಬತ್ತ ದಿನ, ಗುರುನಾಥನದಕ್ಕೂ ತೊಂಬತ್ತ ದಿನ. ಅದನ್ನ ನೇಸರಗಿಗೆ ಒಯ್ದ ಸಚಿನನ ಹೆಸರಿಗೆ ಮಾಡು. ಹೊಸಾದ ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿ, "ಸೋಮವಾರದಿಂದ ನೀ ಬರೂದ ಬ್ಯಾಡ ತಂಗಿ" ಎಂದರು. ನಾಳೆ ಹಾಲು ಬೇಡ ಎಂದು ಗೌಳಿಗೆ ಹೇಳಿದಷ್ಟು ಸುಲಭವಾಗಿ.

ನನಗೆ ಸಿಟ್ಟು ಬಂತು. ಅಕ್ಟೋಬರಿನಿಂದ ಮೊದಲ ಸಲ ಏನೋ ಒಂದು ಬಂತು.

"ಸಾಹುಕಾರ್ರ, ಪದ್ಧತಿ ಹೇಳಿ ಕರದವ್ರು ನೀವು. ವರ್ಷದ ಆಳನ್ನ ನಡುವರ್ಷದಾಗ ಹೊರಗ ಹಾಕೂದು ಯಾವ ಪದ್ಧತಿರಿ? ನಿಮ್ಮಪ್ಪಾರು ಹಾಕಿದ್ರೇನ್ರಿ? ಅವನ ವರ್ಷ ಅಂದ್ರ ನನ್ನ ವರ್ಷ. ಮಾರ್ಚ್ ತನಕ ನಾನು ಏಳೂದಿಲ್ಲ."

ಬಾಳು ತನ್ನ ಚೀಲದ ಗುಂಡಿ ನೋಡುತ್ತ ನಿಂತ. ಅಪ್ಪನ ಹೆಸರು ಬಂದರೆ ಸೋಮಪ್ಪನವರು ಬಾಗುತ್ತಾರೆ, ಅದು ಊರಿಗೇ ಗೊತ್ತು.

"ಖರೇ ಐತಿ" ಎಂದರು ಕೊನೆಗೆ. "ಹೊಸಾದ ಹಾಕು ಬಾಳು. ಇಕಿ ಮಾರ್ಚ್ ತನಕ ಕುಂಡ್ರಲಿ."

ಬಾಳು ಒಳ್ಳೆಯ ಹುಡುಗ. "ಅಕ್ಕಾರ ಹೆಸರಿಗೆ ಮಾಡ್ಲೇನ್ರಿ? ಪುಗಸಟ್ಟೆ ಐತ್ರಿ" ಎಂದ.

"ಬ್ಯಾಡ. ಅದು ಅವನ ವರ್ಷ" ಎಂದರು ಸೋಮಪ್ಪ. ನಾನೇ ಈಗಷ್ಟೇ ಹಾಗೆಂದಿದ್ದೆ. ಬಾಯಿಬಿಟ್ಟರೆ ನನ್ನ ಮಾತು ನನ್ನ ಕೊರಳಿಗೇ ಬರುತ್ತಿತ್ತು.

ಆ ವರ್ಷ ಯುಗಾದಿ ಮಾರ್ಚ್ ಮೂವತ್ತಕ್ಕೆ ಬಂತು. ಮರುದಿನ ಶುಕ್ರವಾರ, ಸಂಘದ ವರ್ಷವೂ ಲೈಸನ್ಸಿನ ವರ್ಷವೂ ಮುಗಿಯುವ ದಿನ. ಮಧ್ಯಾಹ್ನ ಗೌರೀಶ ನನ್ನ ಕೈಗೆ ಒಂದು ಪತ್ರ ಕೊಟ್ಟು, ಎಸ್‌ಟಿಡಿ ಅಂಗಡಿಯಿಂದ ಕಂಪನಿಗೆ ಫ್ಯಾಕ್ಸ್ ಮಾಡಿಸು ಎಂದ. ಸಂಜೆಯೊಳಗೆ ಹೋಗದಿದ್ದರೆ ನಾಳೆ ಒಂದು ಕಂಪ್ಯೂಟರೂ ತೆರೆಯುವುದಿಲ್ಲ. ಪತ್ರದಲ್ಲಿ ಮೂರು ಲೈಸನ್ಸ್ ಇನ್ನೊಂದು ವರ್ಷಕ್ಕೆ ಮುಂದುವರಿಸಿ ಎಂದಿತ್ತು. ಎರಡಲ್ಲ, ಮೂರು. ಕೆಲಸ ಉಳಿಯಿತು ಎಂದು ಉಸಿರು ಬಿಟ್ಟೆ. ಆಮೇಲೆ ಹೆಸರು ಓದಿದೆ. ಗೌರೀಶ, ಸಚಿನ, ಗುರುನಾಥ.

ಪತ್ರ ಹಿಡಿದು ಚೇರ್ಮನ್ನರ ಕೋಣೆಗೆ ಹೋದೆ. ಗೌರೀಶನೂ ಹಿಂದೆಯೇ ಬಂದ.

"ಇದರಾಗ ನನ್ನ ಗಂಡನ ಹೆಸರ ಐತ್ರಿ."

"ಹೌದು. ನಿನ್ನ ಹೊಟ್ಟಿಮ್ಯಾಲೆ ಯಾಕ ಹೊಡೀಬೇಕಂತ ಇನ್ನೊಂದ ವರ್ಷ ಇಟ್ಟೀವಿ."

"ನನ್ನ ಹೆಸರ ಹಾಕ್ರಿ."

"ನಿನ್ನ ಹೆಸರ ಹಾಕಿದ್ರ ಹೊಸಾ ನೇಮಕ ಆಗತೈತಿ. ಠರಾವ, ಆರ್ಡರ್, ಪಿಎಫ್, ನೂರಾಎಂಟ ಲಫಡಾ. ಅವನ ಹೆಸರಿದ್ರ ಏನೂ ಬ್ಯಾಡ. ಅವನ ವರ್ಷ ನನ್ನ ವರ್ಷ ಅಂತ ನೀನ ಅಂದಿದ್ದೆಲ್ಲ?"

ಕಾಡವ್ವನ 'ಅಲ್ಲೇ ಉಳದ' ಎಂಬ ಮಾತಿನ ಅರ್ಥ ನನಗೆ ಆಗ ತಿಳಿಯಿತು. ಹೀಗೆಯೇ ಉಳಿದಿರಬೇಕು ನಮ್ಮ ಮಾವ, ಸತ್ತ ಅಣ್ಣನ ಹೆಸರಿನಲ್ಲಿ, ಅಣ್ಣನ ಕಾಲದ ಜೋಳಕ್ಕೆ.

"ಅವನ ವರ್ಷ ಇವತ್ತ ಮುಗೀತ್ರಿ" ಎಂದೆ. "ನಿನ್ನೆ ಯುಗಾದಿ ಆತು. ಯುಗಾದಿಗೆ ಆಳು ಹೊಸಾ ಮಾತ ಆಡ್ತಾನ, ಒಪ್ಪಿದ್ರ ಇರ್ತಾನ, ಇಲ್ಲಂದ್ರ ಹೋಗ್ತಾನ. ಇದೂ ಪದ್ಧತಿನ. ನನ್ನ ಹೆಸರಿಗೆ ಆರ್ಡರ್ ಕೊಡ್ರಿ, ಫ್ಯಾಕ್ಸ್ ಮಾಡಿಸ್ತೇನಿ. ಇಲ್ಲಂದ್ರ ಗೌರೀಶಣ್ಣಾರ ಮಾಡಿಸ್ಲಿ. ವರ್ಷದ ಜಮಾಖರ್ಚಿನ ತಾಳೆನೂ ಅವರ ತಗೀಲಿ."

ತಾಳೆ ತೆಗೆಯುವುದು ಗೌರೀಶನಿಗೆ ಬರುತ್ತಿರಲಿಲ್ಲ. ಮೊದಲು ಗುರುನಾಥ ತೆಗೆಯುತ್ತಿದ್ದ, ಈಗ ನಾನು. ಸೋಮಪ್ಪನವರು ಗೌರೀಶನ ಮುಖ ನೋಡಿದರು. ಗೌರೀಶ ಗಡಿಯಾರ ನೋಡಿದ. ಮೂರೂವರೆ.

ಅರ್ಧ ಗಂಟೆಯಲ್ಲಿ ಆರ್ಡರ್ ಸಿದ್ಧವಾಯಿತು, ಸಂಘದ ಲೆಟರ್‌ಹೆಡ್ಡಿನಲ್ಲಿ ಗೌರೀಶನ ಅಕ್ಷರ, ಚೇರ್ಮನ್ನರ ಸಹಿ, ಶಿಕ್ಕಾ. ಶ್ರೀಮತಿ ಪ್ರಜ್ಞಾ ಗುರುನಾಥ, ಕ್ಲಾರ್ಕ್. ಸೋಮಪ್ಪನವರು ಕಂಪನಿಯ ಪತ್ರವನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿದರು.

"ಅವನ ಹೆಸರ ಹೊಡದಹಾಕಿ ನಿಂದ ಬರಿ. ಬಾಜೂಕ ಸಹಿ ಮಾಡು."

ಸಂಘದಲ್ಲಿ ತಪ್ಪಾದ ಅಕ್ಷರವನ್ನು ಗೀಚಿ ಮುಚ್ಚುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಐದು ತಿಂಗಳು ದಿನಾ ಈ ಬೆರಳುಗಳೇ ಹೊಡೆದ ಹೆಸರು. ಯಮ ಒಯ್ದ ಮೇಲೂ ಹತ್ತು ಗಂಟೆಗೆ ಸರಿಯಾಗಿ ಕೆಲಸಕ್ಕೆ ಬರುತ್ತಿದ್ದ ನನ್ನ ಗಂಡ. ಅವನನ್ನು ತೆಗೆಯಿರಿ ಎಂದು ಜಗಳ ಮಾಡಿದವಳು ನಾನು, ಈಗ ತೆಗೆಯಬೇಕಾದವಳೂ ನಾನು. ಗೆರೆ ಎಳೆದೆ. ಪೆನ್ನು 'ಥ' ದಾಟುವ ಹೊತ್ತಿಗೆ ಕಣ್ಣು ಮಂಜಾಗಿ ಮೇಜೂ ಕಾಣಲಿಲ್ಲ. ಗುರುನಾಥ ಸತ್ತಿದ್ದ. ಇಬ್ಬರು ಗಂಡಸರ ಎದುರು, ಸೆರಗನ್ನೂ ಬಾಯಿಗೆ ಹಿಡಿಯದೆ, ಗಟ್ಟಿಯಾಗಿ ಅತ್ತೆ.

"ಅಳಬ್ಯಾಡ ತಂಗಿ" ಎಂದರು ಸೋಮಪ್ಪನವರು, "ನಿನ್ನ ಕೆಲಸ ಆತಲ್ಲ."